ನಡುಬೆಟ್ಟಿನ ಉಗುಳು

ನಮ್ಮ ಮನೆಯಲ್ಲಿ ಇಂಗು ಇರುವುದು ಒಂದು ಪ್ಲಾಸ್ಟಿಕ್ ಕೊಳವೆಯಲ್ಲಿ. ಬೆರಳಿನಷ್ಟು ಉದ್ದ, ನೀಲಿ ಮುಚ್ಚಳ, ಮೈಮೇಲೆ ಗೆರೆಗೆರೆಯ ಬಾರ್‌ಕೋಡಿನ ಒಂದು ಚೀಟಿ. ಅಡುಗೆಮನೆಗೆ ಬಂದ ನೆಂಟರು ಅದನ್ನು ಎತ್ತಿ ನೋಡಿ, "ಎಷ್ಟು ಚೆಂದ ಉಂಟು, ಎಲ್ಲಿ ಸಿಕ್ಕಿತು?" ಎಂದು ಕೇಳುತ್ತಾರೆ. "ಫಾರಿನ್ನಿನದು" ಎಂದು ನನ್ನ ಹೆಂಡತಿ ಸುಮತಿ ಗತ್ತಿನಿಂದ ಹೇಳಿ ಅಷ್ಟಕ್ಕೇ ನಿಲ್ಲಿಸುತ್ತಾಳೆ. ಅದು ಮನುಷ್ಯರು ಉಗುಳಲೆಂದೇ ಮಾಡಿದ ಕೊಳವೆ ಎಂದು ಗೊತ್ತಾದರೆ ನಮ್ಮ ಮನೆಯ ಸಾರನ್ನು ಯಾರು ಮುಟ್ಟುತ್ತಾರೆ? ನಿಮಗೆ ಮಾತ್ರ ಹೇಳುತ್ತಿದ್ದೇನೆ, ಊಟಕ್ಕೆ ಬಂದಾಗ ಮರೆತುಬಿಡಿ. ಅದರಲ್ಲಿ ಯಾರೂ ಉಗುಳಿಲ್ಲ ಎಂದು ಬೇಕಾದರೆ ಆಣೆ ಹಾಕುತ್ತೇನೆ. ಉಗುಳಬೇಕೆಂದು ಹೊರಟಿದ್ದವನು ನಾನೇ.

ನನ್ನ ಹೆಸರು ವಿಠಲ. ಪೂರ್ತಿ ಹೇಳಬೇಕೆಂದರೆ ವಿಠಲ ನಡುಬೆಟ್ಟು. ಪೂರ್ತಿ ಹೇಳುವುದೇ ನನಗೆ ಇಷ್ಟ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳಲು ಬೇರೇನೂ ಇರುವುದಿಲ್ಲ. ಬೇರೆಯವರು ಬಿ.ಎ., ಬಿ.ಕಾಂ. ಎಂದು ಬರೆದುಕೊಳ್ಳುವ ಜಾಗದಲ್ಲಿ ನಾನು ನಡುಬೆಟ್ಟು ಎಂದು ಬರೆದುಕೊಂಡೆ. ಡೊಂಬಿವಲಿ ಪೂರ್ವದಲ್ಲಿ ಫ್ಲ್ಯಾಟು ತೆಗೆದುಕೊಂಡಾಗ ಮೊದಲು ಬಂದದ್ದು ಫ್ಯಾನಲ್ಲ, ಕಪಾಟಲ್ಲ, ಬಾಗಿಲಿನ ಹಿತ್ತಾಳೆಯ ನೇಮ್‌ಪ್ಲೇಟು. ಮೇಲೆ ಮರಾಠಿ, ಕೆಳಗೆ ಇಂಗ್ಲಿಷ್, ನಡುವೆ ಸಣ್ಣದಾಗಿ ಕನ್ನಡ. ಮಹಾಪೆಯ ಕಾರ್ಖಾನೆಯೊಂದರಲ್ಲಿ ನನ್ನ ಕ್ಯಾಂಟೀನು. ಬೆಳಿಗ್ಗೆ ಹೊರಡುವಾಗ ಅಂಗಿಯ ತೋಳಿನಿಂದ ಆ ಪ್ಲೇಟನ್ನು ಒಮ್ಮೆ ಒರೆಸದೆ ನಾನು ಮೆಟ್ಟಿಲಿಳಿದವನಲ್ಲ. "ದೇವರ ದೀಪವನ್ನು ಒಂದು ದಿನವಾದರೂ ಹೀಗೆ ಒರೆಸಿದ್ದರೆ..." ಎಂದು ಸುಮತಿ ಮಾತನ್ನು ಅರ್ಧಕ್ಕೆ ಬಿಡುತ್ತಿದ್ದಳು.

ಊರಿನಲ್ಲಿ ಇದ್ದಾಗ ನನಗೆ ಅಡ್ಡಹೆಸರು ಬೇಕಾಗಿರಲಿಲ್ಲ. ವಿಠಲ ಎಂದರೆ ನಡುಬೆಟ್ಟಿನ ವಿಠಲ, ಅಷ್ಟೇ. ನಡುಬೆಟ್ಟು ಎಂಬುದು ಉಡುಪಿ ಕಡೆಯ ನಮ್ಮ ಮನೆಯ ಹೆಸರು. ಈಗ ಅಲ್ಲಿ ಮನೆಯಿಲ್ಲ, ಅಗಲವಾದ ರಸ್ತೆ ಇದೆ. ಆದರೆ ಕಣ್ಣು ಮುಚ್ಚಿದರೆ ಮನೆಗಿಂತ ಮೊದಲು ಕೇಳುವುದು ಬಾವಿಯ ರಾಟೆಯ ಸದ್ದು. ಎಣ್ಣೆ ಹಾಕಿದರೂ ಕಿರುಗುಟ್ಟುತ್ತಿತ್ತು, ಹಾಕದಿದ್ದರೂ ಕಿರುಗುಟ್ಟುತ್ತಿತ್ತು. ಸುತ್ತಲಿನ ಬಾವಿಗಳೆಲ್ಲ ಬೇಸಗೆಯಲ್ಲಿ ಕೆಸರು ಕಾರುವಾಗ ನಮ್ಮದರಲ್ಲಿ ಮಾತ್ರ ತಿಳಿನೀರು. ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ಬಂದಾಗ ನಾನು ಕಟ್ಟೆಯ ಮೇಲೆ ಕೂತು, ಬಾವಿ ನಾನೇ ತೋಡಿದವನ ಹಾಗೆ "ನಿಧಾನ ಎಳೆಯಿರಿ, ಹಗ್ಗ ಸವೆಯುತ್ತದೆ" ಎನ್ನುತ್ತಿದ್ದೆ.

ಇನ್ನೊಂದು ನೆನಪು ನನ್ನ ಅಜ್ಜಿ ದುಗ್ಗಮ್ಮನದು. ಅವಳು ಎಲೆಯಡಿಕೆ ಜಗಿದು ಜಗಲಿಯಿಂದ ಉಗುಳಿದರೆ ಅದು ಅಂಗಳ ದಾಟಿ ದಾಸವಾಳದ ಬುಡಕ್ಕೇ ಬೀಳಬೇಕು. ತಪ್ಪಿದ್ದನ್ನು ನಾನು ನೋಡಿಲ್ಲ. ನಾವು ಮಕ್ಕಳು ನೀರು ಬಾಯಿಗೆ ಹಾಕಿಕೊಂಡು ಅಭ್ಯಾಸ ಮಾಡಿ ನಮ್ಮ ನಮ್ಮ ಹೊಟ್ಟೆಯನ್ನೇ ಒದ್ದೆ ಮಾಡಿಕೊಳ್ಳುತ್ತಿದ್ದೆವು. ಅವಳು ಎತ್ತರದ ಹೆಂಗಸು. ನಡುಬೆಟ್ಟಿನ ಉಳಿದವರೆಲ್ಲ ಗಿಡ್ಡ. ಬಾಗಿಲಿನ ದಾರಂದ ತಲೆಗೆ ತಾಗುತ್ತಿದ್ದುದು ಅಜ್ಜಿಗೆ ಮತ್ತು ದೊಡ್ಡವನಾದ ಮೇಲೆ ನನಗೆ ಮಾತ್ರ. ಮನೆಯ ದೈವಕ್ಕೆ ಕೋಲ ಆಗುವಾಗ ಬೂಳ್ಯ ಕೊಡುತ್ತಾರೆ, ಅಂದರೆ ಮರ್ಯಾದೆಯ ವೀಳ್ಯ. ಅದು ಮೊದಲು ಸಲ್ಲುತ್ತಿದ್ದುದು ದುಗ್ಗಮ್ಮನ ಕೈಗೆ. ಆಗೆಲ್ಲ ನಾನು ಗುಂಪಿನಲ್ಲಿ ಅಕ್ಕಪಕ್ಕದವರ ಮುಖ ನೋಡುತ್ತಿದ್ದೆ, ನೋಡಿದಿರಲ್ಲ ಎನ್ನುವ ಹಾಗೆ.

ಊರು ಬಿಟ್ಟು ಡೊಂಬಿವಲಿಯ ಪಕ್ಕದ ಕಲ್ಯಾಣಕ್ಕೆ ಬಂದದ್ದು ಶೀನಣ್ಣನ ಬಾಲ ಹಿಡಿದು. ಶೀನಣ್ಣ ನಡುಬೆಟ್ಟಿನವನೇ, ವಯಸ್ಸಿನಲ್ಲಿ ನನಗಿಂತ ಬಹಳ ದೊಡ್ಡವನು. ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಲ್ಲುತ್ತಿದ್ದ. ಮದುವೆಯಾಗಲಿಲ್ಲ. ಕೇಳಿದರೆ, "ಕಾವಲಿಯ ಮುಂದೆ ನಿಂತವನಿಗೆ ಮನೆಯಲ್ಲಿಯೂ ಬಿಸಿ ಬೇಕಾ?" ಎನ್ನುತ್ತಿದ್ದ. ನನಗೆ ರೇಷನ್ ಕಾರ್ಡು ಮಾಡಿಸಲು ಕರೆದುಕೊಂಡು ಹೋದವನೂ ಅವನೇ. ಮೇಜಿನ ಆಚೆ ಕೂತಿದ್ದ ಬಾಬು ತಲೆಯೆತ್ತದೆ, "ಆಡನಾವ್ ಕಾಯ್?" ಎಂದು ಕೇಳಿದ. ಅಡ್ಡಹೆಸರು ಏನು ಎಂದು ಮರಾಠಿಯಲ್ಲಿ. ನಾನು ಶೀನಣ್ಣನ ಮುಖ ನೋಡಿದೆ. ನಮ್ಮ ಕಡೆಯ ಹುಡುಗರು ಅಲ್ಲಿ ಜಾತಿಯ ಹೆಸರು ಬರೆಸುತ್ತಿದ್ದರು, ಕೆಲವರು ಮಾಲಕರ ಹೆಸರನ್ನೇ ಬರೆಸಿದ್ದೂ ಉಂಟು. ಶೀನಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು ಬಾಬುವಿಗೆ ಹೇಳಿದ, "ನಡುಬೆಟ್ಟು. ಲಿಖೋ ಸಾಬ್, ನಡುಬೆಟ್ಟು." ಹೊರಗೆ ಬಂದ ಮೇಲೆ ನನಗೆ ಹೇಳಿದ, "ಈ ಊರಿನಲ್ಲಿ ಎಲ್ಲ ಕಳೆದುಹೋಗ್ತದೆ ಮಾರಾಯ. ಚಪ್ಪಲಿ, ಕೊಡೆ, ಮನುಷ್ಯರು. ಮನೆಯ ಹೆಸರಾದರೂ ಕುತ್ತಿಗೆಯಲ್ಲಿ ನೇತಾಡಲಿ." ನಮ್ಮ ಮಾತೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡ ಮಾಡಿದ್ದೇನೆ.

ಈ ಹೆಸರಿಗೆ ಪರೀಕ್ಷೆ ಬಂದದ್ದು ನನ್ನ ಮಗಳು ಸ್ವಾತಿಯ ಮದುವೆ ಗೊತ್ತಾದಾಗ. ಹುಡುಗನ ಮನೆ ಕಲ್ಯಾಣದಲ್ಲಿ. ಅವರೂ ನಮ್ಮ ಕಡೆಯವರೇ, ಆದರೆ ಎರಡು ತಲೆಮಾರಿನಿಂದ ಇಲ್ಲಿಯೇ ಇದ್ದವರು. ಮಾತುಕತೆಯ ದಿನ ನಾನು ಒಂದು ವಿಷಯ ಮೊದಲೇ ಹೇಳಿಬಿಟ್ಟೆ. ನಮ್ಮಲ್ಲಿ ಧಾರೆ ಎರೆಯುವಾಗ ಗಿಂಡಿಗೆ ಹಿರಿಯರು ಕೈ ತಾಗಿಸುತ್ತಾರೆ. ನಮ್ಮ ಕಡೆಯಿಂದ ಮೊದಲ ಕೈ ಶೀನಣ್ಣನದು, ನಡುಬೆಟ್ಟಿಗೆ ಈಗ ಅವನೇ ಹಿರಿಯ ಎಂದೆ. ಹುಡುಗನ ತಂದೆ ಸಭ್ಯರು. ಸಹಜವಾಗಿಯೇ ಕೇಳಿದರು, "ಅವರು ನಿಮಗೆ ಏನಾಗಬೇಕು?"

"ಅಣ್ಣ."

"ಸ್ವಂತದವರಾ?"

"ಒಂದೇ ಮನೆಯವರು. ಇಲ್ಲಿ ನಾವು ನಾಲ್ಕು ಜನ ಇದ್ದೇವೆ. ನಾನು, ಶೀನಣ್ಣ, ಕಲ್ಯಾಣದಲ್ಲಿ ಒಬ್ಬ, ನೆರೂಳಿನಲ್ಲಿ ಒಬ್ಬ."

"ಅಲ್ಲ, ಹೇಗೆ ಸಂಬಂಧ ಅಂತ ಕೇಳಿದೆ."

ಬೆರಳು ಮಡಚಿ ಎಣಿಸಿದೆ. ಅಜ್ಜಿ, ಅಜ್ಜಿಯ ಚಿಕ್ಕಮ್ಮ, ಅಲ್ಲಿಂದ ಮೇಲೆ ನನಗೆ ಗೊತ್ತಿರಲಿಲ್ಲ. ಅವರು ಮಾತು ಬದಲಿಸಿ ಚಹಾದ ರುಚಿ ಹೊಗಳಿದರು. ನನಗೆ ಮಾತ್ರ ಯಾರೋ ಬಾಗಿಲಿನ ಪ್ಲೇಟಿನ ಮೇಲೆ ಉಗುರಿನಿಂದ ಗೀರಿದ ಹಾಗಾಯಿತು. ಮದುವೆಯ ದಿನ ಅವರ ನೂರು ಜನರ ಎದುರಿಗೆ ಶೀನಣ್ಣ ಗಿಂಡಿ ಹಿಡಿಯುವಾಗ, ಇವರು ಯಾರು ಎಂದು ಒಬ್ಬರೂ ಪಿಸುಗುಟ್ಟಬಾರದು ಎಂದು ಅಂದೇ ಹಟ ಹಿಡಿದೆ.

ಸ್ವಾತಿಗೆ ಮಹಾಪೆಯಲ್ಲೇ ಒಂದು ಆಫೀಸಿನಲ್ಲಿ ವಿಮೆಯ ಕಾಗದಗಳನ್ನು ನೋಡುವ ಕೆಲಸ. ಕಾಗದದಲ್ಲಿ ಏನು ಅಡಗಿದ್ದರೂ ಅವಳ ಮೂಗಿಗೆ ವಾಸನೆ ಬಡಿಯುತ್ತದೆ. ಊರಿನ ನೆಂಟರೊಬ್ಬರ ಮೂಲಕ ತಾಲೂಕು ಕಚೇರಿಯಿಂದ ನಡುಬೆಟ್ಟಿನ ಹಳೆಯ ಜಮೀನಿನ ದಾಖಲೆಗಳ ನಕಲು ತರಿಸಿದಳು. ಒಂದು ಭಾನುವಾರ ಅದನ್ನೆಲ್ಲ ನೆಲದ ಮೇಲೆ ಹರಡಿಕೊಂಡು, ನನ್ನಿಂದ ಕನ್ನಡ ಓದಿಸಿಕೊಂಡು, ಇಂಗ್ಲಿಷಿನಲ್ಲಿ ಬರೆದುಕೊಂಡಳು.

"ಪಪ್ಪಾ, ಯೇ ಕ್ಯಾ ಹೈ? ಶೇಷಪ್ಪನ ಅಳಿಯ ಅಂತಪ್ಪ, ಅಂತಪ್ಪನ ಅಳಿಯ ದೇಜಪ್ಪ... ಈ ಫ್ಯಾಮಿಲಿಯಲ್ಲಿ ಯಾರಿಗೂ ಬಾಪ್ ಹೀ ನಹೀ?"

"ಹಳೇ ಕಾಲದ ಸರಕಾರಿ ಬರಹ ಅದು. ಹಾಗೇ ಬರೀತಾರೆ."

ಅಲ್ಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದು ಆಮೇಲೆ ಹೇಳುತ್ತೇನೆ, ನನಗೇ ನಾಚಿಕೆಯಾಗುವ ವಿಷಯ.

ದಾಖಲೆಯಿಂದ ಏನೂ ಹೊರಡದಾಗ ಸ್ವಾತಿ ಇನ್ನೊಂದು ದಾರಿ ಹೇಳಿದಳು. ಫಾರಿನ್ನಿನಲ್ಲಿ ಜನ ತಮ್ಮ ಅಡ್ಡಹೆಸರಿನ ಮೂಲ ಹುಡುಕಲು ಡಿಎನ್‌ಎ ಪರೀಕ್ಷೆ ಮಾಡಿಸುತ್ತಾರಂತೆ. ಒಂದೇ ಹೆಸರಿನ ಗಂಡಸರೆಲ್ಲ ಕೊಳವೆಯಲ್ಲಿ ಉಗುಳಿ ಕಳುಹಿಸಿದರೆ, ಅವರೆಲ್ಲ ಒಬ್ಬನೇ ಮೂಲಪುರುಷನಿಂದ ಬಂದವರೋ ಅಲ್ಲವೋ ಎಂದು ಹೇಳಿಬಿಡುತ್ತಾರಂತೆ. ಅವಳ ಆಫೀಸಿನ ಗೆಳತಿಯೊಬ್ಬಳು ಅಲ್ಲಿಗೆ ಹೋಗಿ ಬರುವವಳಿದ್ದಳು. ಕೊಳವೆ ತರುವುದು, ಉಗುಳು ಒಯ್ಯುವುದು ಎಲ್ಲ ಅವಳದೇ ಜವಾಬ್ದಾರಿ. ನನಗೆ ಈ ಮಾತು ಬಹಳ ಹಿಡಿಸಿತು. ಕಾಗದ ಸುಳ್ಳು ಹೇಳಬಹುದು, ಬಾಯಲ್ಲಿ ಬಂದದ್ದು ಹೇಗೆ ಸುಳ್ಳಾಗುತ್ತದೆ?

ಮೊದಲು ಕಳವಾಕ್ಕೆ ಫೋನು ಮಾಡಿದೆ. ಶೀನಣ್ಣ ಈಗ ಇರುವುದು ಅಲ್ಲಿ, ರೈಲು ತೊಳೆಯುವ ಶೆಡ್ಡಿನ ಹಿಂದಿನ ಒಂದು ಖೋಲಿಯಲ್ಲಿ.

"ಬೇಡ ಮಾರಾಯ" ಎಂದ ಕೂಡಲೇ. "ಇದ್ದ ಸಂಬಂಧವನ್ನು ಉಗುಳಿ ನೋಡುವುದು ಎಂತಕ್ಕೆ?"

"ಗಂಡಸರ ಕಡೆಯಿಂದ ನೋಡ್ತಾರಂತೆ ಶೀನಣ್ಣ. ಅಪ್ಪ, ಅಪ್ಪನ ಅಪ್ಪ, ಹಾಗೆ ಮೇಲೆ ಹೋಗುವುದು."

ಆ ಕಡೆಯಿಂದ ದೊಡ್ಡ ನಗು. "ಅಪ್ಪನ ಕಡೆಯದ್ದಾ? ಅಷ್ಟೇಯಾ? ಹಾಗಾದರೆ ತೆಗೆದುಕೋ, ಎಷ್ಟು ಬೇಕು, ಒಂದು ಲೋಟ ಕೊಡ್ತೇನೆ."

ನಾಲ್ವರು ನಡುಬೆಟ್ಟಿನವರೂ ಒಂದು ರವಿವಾರ ನಮ್ಮ ಮನೆಯಲ್ಲಿ ಸೇರಿದೆವು. ಉಗುಳುವ ಮೊದಲು ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು ಎಂದು ಸ್ವಾತಿಯ ಕಟ್ಟಪ್ಪಣೆ. ಹೋಟೆಲಿನವರಿಗೆ ಚಹಾ ಇಲ್ಲದೆ ಅರ್ಧ ಗಂಟೆ ಕೂರುವುದು ಎಂದರೇನು ಎಂದು ಅವಳಿಗೇನು ಗೊತ್ತು! ಎಲ್ಲರ ಬಾಯಿ ಒಣಗಿತು. ಕಲ್ಯಾಣದವನು ಕೊಳವೆಯನ್ನು ತುಟಿಗೆ ಹಿಡಿದು ಶಂಖ ಊದುವವನ ಹಾಗೆ ಕೂತಿದ್ದಾನೆ, ಒಂದು ಹನಿ ಇಲ್ಲ. ಕೊನೆಗೆ ಸುಮತಿ ಒಳಗೆ ಗೋಳಿಬಜೆ ಕರಿಯಲು ಶುರು ಮಾಡಿದಳು. ಘಮಘಮ ವಾಸನೆ ಬಂತು. ಶೀನಣ್ಣ, "ಹಾಂ, ಈಗ ಬಂತು, ಈಗ ಬಂತು, ಕೊಳವೆ ಕೊಡಿ ಬೇಗ!" ಎಂದು ಕೂಗಿದ. ಕೊಳವೆಗಳನ್ನು ಅಳತೆಯ ಗೆರೆಯವರೆಗೆ ತುಂಬಿಸಿದ್ದು ಆ ಗೋಳಿಬಜೆ. ಆಮೇಲೆ ನಾವು ತಿಂದದ್ದನ್ನು ಲೆಕ್ಕ ಹಾಕುವುದು ಬೇಡ.

ವರದಿ ಸ್ವಾತಿಯ ಕಂಪ್ಯೂಟರಿಗೆ ಬಂತು. ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಪಪ್ಪಾ, ಸಿಟ್ಟು ಮಾಡಬೇಡಿ. ನಾಲ್ಕು ಜನರದ್ದೂ ಅಲಗ್ ಅಲಗ್. ಯಾರೂ ಯಾರಿಗೂ ಮ್ಯಾಚೇ ಆಗೋದಿಲ್ಲ."

ಕಾಲ ಕೆಳಗಿನ ನೆಲ ಜಾರಿತು ಎನ್ನುತ್ತಾರಲ್ಲ, ನಮ್ಮದು ಮೂರನೇ ಮಾಳಿಗೆ, ಜಾರುವುದಕ್ಕೆ ಬಹಳ ದೂರ ಇತ್ತು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಸುಮತಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅಲ್ಲ ಇವರೇ, ನಿಮ್ಮ ಅಪ್ಪ ಯಾವ ಮನೆಯವರು?"

"ಮುಲ್ಕಿ ಕಡೆಯವರು. ನಿನಗೆ ಗೊತ್ತಿಲ್ಲವಾ?"

"ಶೀನಣ್ಣನ ಅಪ್ಪ?"

"ಕಾಪು."

"ಮತ್ತೆ ಮುಲ್ಕಿಯವರ ಉಗುಳು ಕಾಪುವಿನವರ ಉಗುಳಿಗೆ ಹೇಗೆ ಹೊಂದುವುದು? ನಡುಬೆಟ್ಟು ನಿಮಗೆ ಬಂದದ್ದು ಅಮ್ಮನಿಂದ ಅಲ್ಲವಾ? ಮೀಸೆ ಇರುವವರನ್ನೆಲ್ಲ ಕೂರಿಸಿ ಉಗುಳಿಸಿದಿರಿ!"

ಅವಳು ಸೊಪ್ಪಿನ ಮೊರದ ಮೇಲೆಯೇ ಬಿದ್ದು ನಕ್ಕಳು. ಸ್ವಾತಿಯೂ ನಕ್ಕಳು. ನಾನು ನಗುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನಮ್ಮಲ್ಲಿ ಮನೆ, ಬಳಿ ಎಂಬ ಗೋತ್ರ, ದೈವ ಎಲ್ಲ ತಾಯಿಯ ಕಡೆಯಿಂದ ಇಳಿಯುವುದು. ಆಸ್ತಿ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ. ಅಪ್ಪ ಎಂಬುವನು ಬೇರೆ ಮನೆಯವನು, ಬರುತ್ತಾನೆ, ಉಣ್ಣುತ್ತಾನೆ, ಮಕ್ಕಳಿಗೆ ಮಿಠಾಯಿ ಕೊಡುತ್ತಾನೆ, ಹೋಗುತ್ತಾನೆ. ಆ ದಾಖಲೆಯಲ್ಲಿ ಅಪ್ಪಂದಿರು ಇಲ್ಲದ್ದು ಅದಕ್ಕೇ. ಇದು ನಮ್ಮ ಊರಿನಲ್ಲಿ ಮೂಗು ಸೋರುವ ಮಗುವಿಗೂ ಗೊತ್ತು. ಆದರೆ ಈ ಕಡೆ ಬಂದ ಮೇಲೆ ಬ್ಯಾಂಕು, ರೇಷನ್ನು, ರೈಲಿನ ಪಾಸು, ಎಲ್ಲದರಲ್ಲೂ ಹೆಸರಿನ ನಡುವೆ ಅಪ್ಪನ ಹೆಸರು ಬರೆದು ಬರೆದು, ನಡುಬೆಟ್ಟು ಅಪ್ಪನಿಂದಲೇ ಬಂದದ್ದು ಎಂದು ನನ್ನ ಕೈಗೆ ಅಭ್ಯಾಸವಾಗಿತ್ತು. ಕೈಯ ಅಭ್ಯಾಸ ತಲೆಗೆ ಹತ್ತಿತ್ತು. ಶೀನಣ್ಣ ಫೋನಿನಲ್ಲಿ ಅಷ್ಟು ಜೋರಾಗಿ ನಕ್ಕದ್ದು ಯಾಕೆಂದು ಆಗ ಗೊತ್ತಾಯಿತು. ಗೊತ್ತಾಯಿತು ಎಂದುಕೊಂಡೆ ಅಷ್ಟೇ. ಅದರಲ್ಲಿ ಇನ್ನೂ ಒಂದು ಮಡಿಕೆ ಇತ್ತು.

ತಾಯಿಯ ಕಡೆಯದನ್ನು ನೋಡುವ ಪರೀಕ್ಷೆಯೂ ಇದೆಯಂತೆ. ಅದಕ್ಕೆ ಮತ್ತೆ ಉಗುಳಬೇಕು. ಸ್ವಾತಿ ಎರಡನೇ ಸಲ ಕೊಳವೆಗಳನ್ನು ತರಿಸಿದಳು, ಯಾರದ್ದಾದರೂ ಹಾಳಾದರೆ ಇರಲಿ ಎಂದು ಒಂದು ಹೆಚ್ಚಿಗೆ. ಕಲ್ಯಾಣದವನು, ನೆರೂಳಿನವನು ಗೋಳಿಬಜೆಯ ಆಸೆಗೆ ಓಡೋಡಿ ಬಂದರು. ಶೀನಣ್ಣ ಬರಲಿಲ್ಲ. ಮೊಣಕಾಲು ನೋವು ಎಂದ. ಮುಂದಿನ ವಾರ ಕೇಳಿದರೆ ಬಾಯಿ ಹುಣ್ಣು. ಅದರ ಮುಂದಿನ ವಾರ ಫೋನೇ ಎತ್ತಲಿಲ್ಲ.

ನಾನು ಕೊಳವೆ ಜೇಬಿನಲ್ಲಿಟ್ಟುಕೊಂಡು ಕಳವಾಕ್ಕೆ ಹೋದೆ. ಅವನು ಖೋಲಿಯ ಹೊರಗೆ ಸ್ಟೂಲು ಹಾಕಿಕೊಂಡು, ಶೆಡ್ಡಿಗೆ ಹೋಗುವ ಖಾಲಿ ರೈಲುಗಳನ್ನು ನೋಡುತ್ತ ಕೂತಿದ್ದ. ಕಾವಲಿಯ ಶಾಖಕ್ಕೆ ರೋಮವೆಲ್ಲ ಸುಟ್ಟುಹೋದ ಕೈಗಳು ಮಡಿಲಲ್ಲಿ ಬಿದ್ದಿದ್ದವು.

"ಬಾಯಿ ಹುಣ್ಣು ಹೇಗಿದೆ?"

"ಎಂಥ ಹುಣ್ಣು?" ಎಂದು, ಆಮೇಲೆ ನೆನಪಾಗಿ, "ಹಾಂ, ಉಂಟು ಉಂಟು, ಸ್ವಲ್ಪ" ಎಂದ.

"ಮದುವೆ ಹತ್ತಿರ ಬಂತು ಶೀನಣ್ಣ."

"ಮದುವೆಗೆ ಉಗುಳು ಎಂತಕ್ಕೆ? ಅಕ್ಷತೆ ಸಾಲದಾ? ಹುಡುಗಿಗೆ ಒಳ್ಳೆಯ ಸಾರು ಮಾಡಿ ಬಡಿಸ್ತೇನೆ, ಗಿಂಡಿ ಹಿಡೀತೇನೆ. ಇದೊಂದು ಬಿಡು."

ಅವನು ನನ್ನ ಕಣ್ಣು ತಪ್ಪಿಸುತ್ತಿದ್ದ. ಆಗ ನನಗೆ ಒಂದು ಯೋಚನೆ ಬಂತು. ಇವನಿಗೆ ಏನೋ ಗೊತ್ತಿದೆ. ಇವನ ಹುಟ್ಟಿನಲ್ಲಿ ಏನೋ ಇದೆ, ಇವನು ನಡುಬೆಟ್ಟಿನ ನೆತ್ತರಿನವನಲ್ಲ, ಅದು ಬಯಲಾಗುತ್ತದೆಂದು ಹೆದರುತ್ತಿದ್ದಾನೆ. ಪಾಪ, ಇಷ್ಟು ವರ್ಷ ಒಬ್ಬನೇ ಹೊತ್ತುಕೊಂಡಿದ್ದಾನೆ. ನಾನು ಅವನ ಕೈ ಹಿಡಿದು, ದೊಡ್ಡ ಮನಸ್ಸು ಮಾಡಿದವನ ದನಿಯಲ್ಲಿ ಹೇಳಿದೆ, "ಶೀನಣ್ಣ, ನೀವು ಹೆದರಬೇಡಿ. ವರದಿಯಲ್ಲಿ ಏನೇ ಬರಲಿ. ನೀವು ನಮ್ಮವರಲ್ಲ ಅಂತಲೇ ಬಂದರೂ ನಾನು ನಿಮ್ಮನ್ನು ಬಿಡುವುದಿಲ್ಲ. ನಡುಬೆಟ್ಟಿನ ವಿಠಲ ಹೇಳ್ತಿದ್ದಾನೆ."

ಅವನು ನನ್ನನ್ನೇ ನೋಡಿದ. ಒಂದು ರೈಲು ಪೂರ್ತಿ ದಾಟಿ ಹೋಯಿತು.

"ಏನೇ ಬಂದರೂ ಬಿಡುವುದಿಲ್ಲ ಅಲ್ಲವಾ?"

"ಇಲ್ಲ."

"ಈ ಮಾತು ನೆನಪಿಟ್ಟುಕೋ" ಎಂದು ಕೊಳವೆ ಕಸಿದುಕೊಂಡು ಉಗುಳಿ ಕೊಟ್ಟ. ನಾನು ಹಿಂತಿರುಗುವಾಗ ರೈಲಿನಲ್ಲಿ ನನ್ನ ದೊಡ್ಡತನಕ್ಕೆ ನಾನೇ ಮೆಚ್ಚಿ, ಸೀಟು ಸಿಕ್ಕಿದರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟು ಡೊಂಬಿವಲಿಯವರೆಗೆ ನಿಂತೇ ಬಂದೆ.

ಎರಡನೇ ವರದಿ ಬಂದಾಗ ಸ್ವಾತಿ ಅದನ್ನು ನನಗೆ ಹೇಳದೆ ಮೊದಲು ಅಮ್ಮನಿಗೆ ಹೇಳಿದಳು. ಅಡುಗೆಮನೆಯಲ್ಲಿ ಪಿಸುಪಿಸು ಕೇಳಿಸಿತು. ನಾನು ಶೀನಣ್ಣನಿಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿಕೊಳ್ಳುತ್ತಿದ್ದೆ.

"ಪಪ್ಪಾ, ಮೂರು ಜನರದ್ದು ಮ್ಯಾಚ್ ಆಗಿದೆ. ಇಷ್ಟರಿಂದ ಹತ್ತಿರದ ಸಂಬಂಧ ಅಂತ ಹೇಳಲಿಕ್ಕೆ ಆಗೋದಿಲ್ಲ, ಬಹುತ್ ಪುರಾನಾ ಕೂಡ ಇರಬಹುದು. ಆದರೆ ಮೂರೂ ಒಂದೇ ತಾಯಿ ಸಾಲು."

"ಮತ್ತೆ ಶೀನಣ್ಣನದು?"

"ದೊಡ್ಡಪ್ಪನದು ಮ್ಯಾಚ್ ಆಗಿದೆ ಪಪ್ಪಾ." ಅವಳ ದನಿ ಸಣ್ಣದಾಯಿತು. "ನಿಮ್ಮದು ಆಗಲಿಲ್ಲ."

ಆ ದಿನದ ಬಗ್ಗೆ ಹೆಚ್ಚು ಬರೆಯಲಾರೆ. ಕ್ಯಾಂಟೀನಿಗೆ ಹೋದೆ, ಬಂದೆ. ಬಂದವನು ಅಂಗಿಯ ತೋಳು ಪ್ಲೇಟಿನ ಕಡೆ ಎತ್ತಿ, ಇಳಿಸಿದೆ. ಮನೆಯಲ್ಲಿ ಎಲ್ಲರಿಗಿಂತ ಎತ್ತರ ಬೆಳೆದದ್ದು ನೆನಪಾಯಿತು. ಬಾಗಿಲಿಗೆ ತಾಗುತ್ತಿದ್ದ ತಲೆ ನೆನಪಾಯಿತು. ಬಾವಿಕಟ್ಟೆಯ ಮೇಲೆ ಕೂತು ಹೆಂಗಸರನ್ನು ಗದರಿಸಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಯಾರ ಬಾವಿ, ಯಾರ ಹಗ್ಗ! ಸ್ಕ್ರೂಡ್ರೈವರ್ ತಂದು ಪ್ಲೇಟು ಬಿಚ್ಚಿದೆ. ಬಾಗಿಲಿನ ಬಣ್ಣ ಮಾಸಿ ಆ ಜಾಗ ಮಾತ್ರ ಹೊಸದಾಗಿ ಕಾಣುತ್ತಿತ್ತು, ನಡುವೆ ತೂತುಗಳು.

"ಮದುವೆಮನೆಯ ಬಾಗಿಲು ಹೀಗೆ ಬೋಳು ಬಿಡ್ತೀರಾ?" ಎಂದಳು ಸುಮತಿ.

"ಇನ್ನೊಬ್ಬರ ಹೆಸರು ಹೊಡೆದುಕೊಂಡು ಕೂರುವುದಕ್ಕಿಂತ ಬೋಳು ಮೇಲು."

"ನಿಮಗೆ ಹೆಸರಿನದ್ದೇ ಒಂದು ಹುಚ್ಚು" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅವಳು ಯಾರಿಗೋ ಫೋನು ಮಾಡುವುದು ಕೇಳಿಸಿತು.

ಮರುದಿನ ಬೆಳಿಗ್ಗೆ ಶೀನಣ್ಣ ಬಂದ. ಮೊಣಕಾಲು ನೋವಿನವನು ಮೂರು ಮಾಳಿಗೆ ಹತ್ತಿ, ಬಗಲಿನ ಚೀಲದಲ್ಲಿ ತನ್ನದೇ ಸೌಟು, ತನ್ನದೇ ಇಂಗಿನ ಪೊಟ್ಟಣ ಸಮೇತ ಬಂದ. ಮದುವೆಯ ಅಡುಗೆ ಮುಗಿಯುವವರೆಗೆ ಇಲ್ಲೇ ಎಂದು ಘೋಷಿಸಿದ. ಬಾಗಿಲಿನ ತೂತುಗಳಲ್ಲಿ ಬೆರಳಾಡಿಸಿ, "ಇದೆಂತದು, ಇಲಿ ತಿಂದದ್ದಾ?" ಎಂದ.

"ಶೀನಣ್ಣ, ಗಿಂಡಿ ಹಿಡಿಯುವ ವಿಷಯ..." ಎಂದು ಶುರು ಮಾಡಿದೆ. "ಈಗ ನಿಮ್ಮನ್ನು ಕರೆಯಲು ನಾನು ಯಾರು?"

"ಕೂತುಕೋ."

ಕೂತೆ. ಸುಮತಿ, ಸ್ವಾತಿ ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ನಡುಬೆಟ್ಟಿನಲ್ಲಿ ಹಿಂದೆ ಅಕ್ಕ ತಂಗಿ ಇಬ್ಬರಿದ್ದರು. ತಂಗಿಗೆ ಹೆಣ್ಣುಮಕ್ಕಳು ರಾಶಿ. ನಾವೆಲ್ಲ ಆ ರಾಶಿಯವರು. ಅಕ್ಕನಿಗೆ ಬರೇ ಗಂಡು. ಹೆಣ್ಣಿಲ್ಲದಿದ್ದರೆ ಅವಳ ಒಲೆ ಅಲ್ಲಿಗೇ ನಂದುವುದು, ಗೊತ್ತುಂಟಲ್ಲ? ಆ ವರ್ಷ ಬಾವಿ ತೋಡಲಿಕ್ಕೆ ಒಬ್ಬ ಬಂದ. ಯಾವ ಊರೋ ಯಾರಿಗೂ ಗೊತ್ತಿಲ್ಲ, ಉದ್ದ ಆಳು. ಹೆಂಡತಿ ಸತ್ತಿದ್ದಳು. ಒಂದು ಸಣ್ಣ ಹೆಣ್ಣುಮಗುವನ್ನು ತೋಡಿದ ಮಣ್ಣಿನ ರಾಶಿಯ ಮೇಲೆ ಕೂರಿಸಿ ಅವನು ಕೆಳಗೆ ಇಳಿಯುವುದು. ನೀರು ಬಂದ ದಿನ ಅವನಿಗೆ ಸಂಬಳದ ಜೊತೆ ಊಟ ಹಾಕುವಾಗ ಅಕ್ಕ ಹೋಗಿ ಆ ಮಗುವನ್ನು ಎತ್ತಿಕೊಂಡು, ಇದನ್ನು ನನಗೆ ಕೊಡು ಅಂದಳಂತೆ. ದೈವದ ಎದುರು ಮಗಳು ಅಂತ ಹೇಳಿ ಮನೆಗೆ ಸೇರಿಸಿಕೊಂಡರು."

"ದುಗ್ಗಮ್ಮ" ಎಂದೆ. ಅದು ನನ್ನ ಬಾಯಿಂದ ತಾನಾಗಿ ಬಂತು.

"ಮತ್ಯಾರು? ನಿನ್ನ ಅಮ್ಮನ ಅಮ್ಮನೇ. ಹಿರಿಯಕ್ಕನ ಮಗಳು ಅಂತ ಮೊದಲ ಬೂಳ್ಯ ಅವಳಿಗೆ. ದೈವವೇ ಕೇಳಲಿಲ್ಲ ಇವಳು ಯಾರಿಗೆ ಹುಟ್ಟಿದ್ದು ಅಂತ. ನೀನು ಫಾರಿನ್ನಿನವರನ್ನು ಕೇಳಲಿಕ್ಕೆ ಹೊರಟೆ!"

"ನಿಮಗೆ ಮೊದಲಿನಿಂದ ಗೊತ್ತಿತ್ತಾ? ರೇಷನ್ ಕಾರ್ಡು ಮಾಡಿಸುವಾಗಲೂ?"

"ಗೊತ್ತಿಲ್ಲದೆ? ಅದಕ್ಕೇ ಅಲ್ಲವಾ ಗಟ್ಟಿಯಾಗಿ ಹೇಳಿ ಬರೆಸಿದ್ದು. ನನ್ನ ಅಜ್ಜಿ ಹೇಳಿದ್ದಳು, ತಂದ ಮಗುವನ್ನು ತಂದದ್ದು ಅಂತ ಹೇಳಬಾರದು, ಹೇಳಿದರೆ ತಂದದ್ದೇ ಸುಳ್ಳಾಗ್ತದೆ ಅಂತ. ಹಾಗೆ ಬಾಯಿ ಮುಚ್ಚಿಕೊಂಡು ಇದ್ದೆ. ಅಪ್ಪನ ಕಡೆಯ ಉಗುಳು ಅಂದಾಗ ಬಚಾವಾದೆ ಅಂದುಕೊಂಡೆ. ತಾಯಿಯದ್ದು ಅಂದಾಗ ಹುಣ್ಣು ಬಂತು." ಅವನು ನನ್ನ ಮೊಣಕಾಲಿಗೆ ತಟ್ಟಿದ. "ಆಮೇಲೆ ನೀನು ಬಂದು ನನ್ನನ್ನು ಬಿಡುವುದಿಲ್ಲ ಅಂತ ದೊಡ್ಡ ಭಾಷಣ ಮಾಡಿದೆಯಲ್ಲ, ನನಗೆ ನಗು ತಡೆಯಲಿಕ್ಕೆ ಆಗಲಿಲ್ಲ. ಅಳು ಕೂಡ. ಏನೇ ಬಂದರೂ ಬಿಡುವುದಿಲ್ಲ ಅಂದೆಯಾ ಇಲ್ಲವಾ?"

"ಅಂದೆ."

"ಹಾಗಾದರೆ ಆ ಹಿತ್ತಾಳೆ ಎಲ್ಲಿ, ತಾ ಇಲ್ಲಿ."

ಸ್ಕ್ರೂಡ್ರೈವರ್ ಹುಡುಕುವಷ್ಟು ತಾಳ್ಮೆ ಅವನಿಗಿಲ್ಲ. ತರಕಾರಿ ಹೆಚ್ಚುವ ಚಾಕುವಿನ ತುದಿಯಿಂದ ಪ್ಲೇಟು ಕೂರಿಸಿದ. ಸ್ವಲ್ಪ ಓರೆಯಾಯಿತು. ಇವತ್ತಿಗೂ ಓರೆಯಾಗಿಯೇ ಇದೆ, ಯಾರಿಗೂ ಸರಿಮಾಡಲು ಬಿಟ್ಟಿಲ್ಲ. ಅವನು ಸ್ಕ್ರೂ ತಿರುಗಿಸುತ್ತಿದ್ದಾಗ ನನ್ನ ಕಿವಿಯಲ್ಲಿ ರಾಟೆ ಕಿರುಗುಟ್ಟುತ್ತಿತ್ತು. ಬೇಸಗೆಯಲ್ಲೂ ಬತ್ತದ ಆ ಬಾವಿಯನ್ನು ತೋಡಿದ ಉದ್ದ ಆಳು, ಮಣ್ಣಿನ ರಾಶಿಯ ಮೇಲೆ ಕೂತ ಮಗು. ಆ ಮನೆಯವರೆಲ್ಲ ಕುಡಿದದ್ದು ಅವನು ತೆಗೆದ ನೀರು. ಕಟ್ಟೆಯ ಮೇಲೆ ಕೂತು ಜಂಬ ಕೊಚ್ಚಿದ್ದು ಅಷ್ಟೇನೂ ತಪ್ಪಾಗಿರಲಿಲ್ಲವೇನೋ.

ಸ್ವಾತಿಗೆ ಮಾತ್ರ ಸಮಾಧಾನವಿಲ್ಲ. ಎಲ್ಲ ತನ್ನಿಂದಲೇ ಆದದ್ದು ಎಂಬ ಸಂಕಟ ಅವಳಿಗೆ. ಉಳಿದಿದ್ದ ಕೊಳವೆಯನ್ನು ಹಿಡಿದು ಬಂದಳು. "ಪಪ್ಪಾ, ಕಭೀ ಕಭೀ ಸ್ಯಾಂಪಲ್ ಅದಲುಬದಲು ಆಗ್ತದೆ. ಬೇಕಾದ್ರೆ ಇನ್ನೊಮ್ಮೆ ನೋಡೋಣ?"

ನಿಜ ಹೇಳುತ್ತೇನೆ, ಇಷ್ಟೆಲ್ಲ ಕೇಳಿದ ಮೇಲೂ ನನ್ನ ಕೈ ಅದರ ಕಡೆ ಹೋಯಿತು. ಶೀನಣ್ಣ ನಡುವೆ ಕೈಹಾಕಿ ಅದನ್ನು ತೆಗೆದುಕೊಂಡ. ಮುಚ್ಚಳ ತಿರುಗಿಸಿದ, ಮುಚ್ಚಿದ, ಅಲ್ಲಾಡಿಸಿದ.

"ಗಾಳಿ ಹೋಗುವುದಿಲ್ಲವಾ ಇದಕ್ಕೆ?"

"ಇಲ್ಲ ದೊಡ್ಡಪ್ಪ, ಏರ್‌ಟೈಟ್."

"ಸುಮತಿ, ಬಾ ಇಲ್ಲಿ. ನಿಮ್ಮ ಮನೆಯಲ್ಲಿ ಇಂಗನ್ನು ಕಾಗದದಲ್ಲಿ ಇಟ್ಟು ಇಟ್ಟು ಅದರ ಜೀವ ತೆಗೀತೀರಿ." ತನ್ನ ಪೊಟ್ಟಣ ಬಿಚ್ಚಿ, ಕುಟ್ಟಿದ ಇಂಗನ್ನು ಗೆರೆಯವರೆಗೆ ಸರಿಯಾಗಿ ತುಂಬಿ ಮುಚ್ಚಳ ಬಿಗಿದ.

ಧಾರೆಯ ಹೊತ್ತಿಗೆ ಗಿಂಡಿಯ ಮೇಲೆ ಮೊದಲು ಆ ರೋಮವಿಲ್ಲದ ಕೈ ಬಂತು. ಹುಡುಗನ ತಂದೆ ನನ್ನ ಕಿವಿಯಲ್ಲಿ, "ಸಂಬಂಧ ಹೇಗೆ ಅಂತ ಗೊತ್ತಾಯಿತಾ?" ಎಂದು ತಮಾಷೆ ಮಾಡಿದರು. "ಗೊತ್ತಾಯಿತು, ಬಾವಿಯ ಕಡೆಯಿಂದ" ಎಂದೆ. ಅವರು ಅರ್ಥವಾದವರ ಹಾಗೆ ತಲೆಯಾಡಿಸಿದರು. ಬೀಳ್ಕೊಡುವಾಗ ಸುಮತಿ ಕಣ್ಣೊರೆಸಿಕೊಳ್ಳುತ್ತಲೇ ನನಗೆ ಹೇಳಿದಳು, "ಹೆಸರು ಹೆಸರು ಅಂತ ಇಷ್ಟು ಹಾರಾಡಿದಿರಲ್ಲ, ನಮ್ಮ ಲೆಕ್ಕದಲ್ಲಿ ಸ್ವಾತಿ ನಡುಬೆಟ್ಟಿನವಳೇ ಅಲ್ಲ. ನನ್ನ ಮನೆಯವಳು. ಗೊತ್ತುಂಟಲ್ಲ?" ಅದನ್ನು ಯೋಚಿಸಿಯೇ ಇರಲಿಲ್ಲ ನೋಡಿ!

ಕೊಳವೆಯ ಮೇಲಿನ ಚೀಟಿ ಇನ್ನೂ ಹೋಗಿಲ್ಲ. ಆ ಗೆರೆಗಳು ಬರುವುದನ್ನೇ ಕಾಯುತ್ತ ಫಾರಿನ್ನಿನಲ್ಲಿ ಯಾವುದೋ ಯಂತ್ರ ಕೂತಿರಬಹುದು. ಪಾಪ, ಕಾಯಲಿ. ಹಬ್ಬಕ್ಕೆ ಬಂದರೆ ಶೀನಣ್ಣ ಮೊದಲು ಬಾಗಿಲಿನ ಪ್ಲೇಟು ಮುಟ್ಟಿ, ಆಮೇಲೆ ಒಳಗೆ ಬಂದು ಈ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ಇಂಗು ಅಳತೆಯ ಗೆರೆಗಿಂತ ಕೆಳಗೆ ಇಳಿದಿದ್ದರೆ ಜೇಬಿನಿಂದ ಪೊಟ್ಟಣ ತೆಗೆದು ತುಂಬಿಸುತ್ತಾನೆ.